ದೇಣಿಗೆ ಕೇಳುವುದನ್ನು ನಾನು ಕಲಿತ ಬಗೆ, ಜೊತೆಗೆ ಪ್ರದರ್ಶನದ ಸುದ್ದಿ

ಮುಂದಿನ ತಿಂಗಳು ನಮ್ಮ ಕೊಲಾಜ್ ಪ್ರದರ್ಶನವಿದೆ, ಅಂದರೆ ಕಾಗದದ ಚೂರುಗಳನ್ನು ಜೋಡಿಸಿ ಅಂಟಿಸಿ ಮಾಡಿದ ಚಿತ್ರಗಳದ್ದು. ನಾವು 14 ಕಲಾವಿದರು. ಗೋಡೆಯ ಮೇಲೆ ತಲಾ ಎರಡು ಕೃತಿಗಳಿರುತ್ತವೆ, ನಡುವಿನ ಉದ್ದ ಮೇಜಿನ ಮೇಲೆ ಅಂಗೈಯಗಲದ ಚಿಕ್ಕ ಕೊಲಾಜ್‌ಗಳಿರುತ್ತವೆ. ಗೋಡೆಯ ಮೇಲಿನ ಕೃತಿ ಮಾರಾಟವಾದರೆ ಹಣ ಅದನ್ನು ಮಾಡಿದವರಿಗೆ. ಮೇಜಿನ ಮೇಲಿನದು ಮಾರಾಟವಾದರೆ ಮೂರರಲ್ಲಿ ಒಂದು ಪಾಲು ಮಾಡಿದವರಿಗೆ, ಉಳಿದ ಎರಡು ಪಾಲು ಕೆಲಸ ನಿಂತುಹೋಗಿರುವ ಸಹಕಲಾವಿದರ ನಿಧಿಗೆ. ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ, ಕಳೆದ ಬಾರಿ ನಾನು ಬಿಡಿಸಿ ಹೇಳಿರಲಿಲ್ಲ.

ಆಗ ನಮ್ಮ ಗುಂಪಿನ ಹಿರಿಯ ಕಲಾವಿದೆಯೊಬ್ಬರ ಮಣಿಕಟ್ಟು ಮುರಿದಿತ್ತು. ಬ್ಲೇಡ್ ಹಿಡಿಯಲು ಆಗುತ್ತಿರಲಿಲ್ಲ, ಒಪ್ಪಿಕೊಂಡಿದ್ದ ಕೆಲಸಗಳೆಲ್ಲ ಕೈತಪ್ಪಿದ್ದವು. ನಾನು ಪ್ರದರ್ಶನದ ಆಮಂತ್ರಣದ ಕೊನೆಯಲ್ಲಿ, ‘ಸಂಕಷ್ಟದಲ್ಲಿರುವ ಕಲಾವಿದರಿಗೆ ನೆರವಾಗಿ’ ಎಂದು ಒಂದು ಸಾಲು ಸೇರಿಸಿದೆ. ಅಭಿನಂದನೆಗಳು ಹರಿದುಬಂದವು, ದೇಣಿಗೆ ಬರಲಿಲ್ಲ. ಓದಿದವರ ಕಣ್ಣಿಗೆ ಅದು ಸಂತೋಷದ ಸುದ್ದಿಯಾಗಿತ್ತು. ಅದರ ಅಡಿಯಲ್ಲಿ ಒಬ್ಬರ ಮನೆಬಾಡಿಗೆಯ ಚಿಂತೆ ಇದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಕೊಡಲು ಮುಂದೆ ಬಂದ ಕೆಲವರು ಸಹಜವಾಗಿಯೇ ಕೇಳಿದರು: ಯಾರಿಗೆ, ಎಷ್ಟು ಬೇಕು, ಯಾವಾಗ ತಲುಪುತ್ತದೆ? ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ನಾವು ಕುಳಿತು ತೀರ್ಮಾನಿಸಿಯೇ ಇರಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಜನರ ಮನ ಕರಗಲಿ ಎಂದು ಅವರ ಬ್ಯಾಂಡೇಜ್ ಸುತ್ತಿದ ಕೈಯ ಫೋಟೋ ಹಾಕಿದೆ, ಅವರನ್ನು ಕೇಳದೆ. ಸಂಜೆಯೇ ಕರೆ ಬಂತು. “ಮೂವತ್ತು ವರ್ಷ ಕೆಲಸ ಮಾಡಿದ್ದೇನಲ್ಲ, ಅದನ್ನು ತೋರಿಸು. ಮುರಿದ ಕೈಯನ್ನು ಯಾಕೆ ತೋರಿಸಿದೆ?” ಎಂದರು. “ತಪ್ಪಾಯಿತು ಅಕ್ಕ” ಎಂದು ಫೋಟೋ ತೆಗೆದೆ. ಅವರ ಹಳೆಯ ಕೃತಿಯೊಂದರ ಚಿತ್ರ ಹಾಕಿ, ಅವರೇ ಒಪ್ಪಿದ ನಾಲ್ಕು ಸಾಲು ಬರೆದು, ಬೇಕಾದ ಮೊತ್ತವನ್ನು ಅಂಕಿಯಲ್ಲಿ ನಮೂದಿಸಿದೆ. ವಾರದೊಳಗೆ ಅಷ್ಟೂ ಹಣ ಬಂತು.

ಅಂದಿನಿಂದ ಪ್ರದರ್ಶನದ ಆಮಂತ್ರಣ ಬೇರೆ, ನೆರವಿನ ಮನವಿ ಬೇರೆ. ನೆರವು ಪಡೆಯುವವರು ತಮ್ಮ ಬಗೆಗಿನ ಪ್ರತಿ ಸಾಲನ್ನೂ ಓದಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗುತ್ತದೆ. ಹೆಸರು ಬೇಡ ಎಂದರೆ ಹೆಸರಿಲ್ಲ. ಹಣ ನೋಡಿಕೊಳ್ಳಲು ಇಬ್ಬರಿರುತ್ತಾರೆ, ಪ್ರದರ್ಶನ ಮುಗಿದ ವಾರದೊಳಗೆ ಜಮಾಖರ್ಚು ಎಲ್ಲರಿಗೂ ತಲುಪುತ್ತದೆ.

ಮೂರರಲ್ಲೊಂದು ಪಾಲಿನ ಬಗ್ಗೆ ಗುಂಪಿನಲ್ಲಿ ಬಹಳ ಚರ್ಚೆಯಾಯಿತು. ಪೂರ್ತಿ ಹಣವನ್ನೂ ಕೊಟ್ಟುಬಿಡೋಣ ಎಂದವರೇ ಹೆಚ್ಚು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಯಾವ ಸತ್ಕಾರ್ಯಕ್ಕಾದರೂ ಮೊದಲು ‘ಒಂದು ಕೃತಿ ಕೊಡಿ’ ಎಂದು ಕೇಳುವುದು ಕಲಾವಿದರನ್ನೇ. ಕಾಗದ, ಅಂಟು, ಚೌಕಟ್ಟು, ಸಾಗಣೆ ಎಲ್ಲವೂ ಅವರ ಜೇಬಿನಿಂದಲೇ ಹೋಗುತ್ತದೆ. ಸಹಾಯಕ್ಕೆಂದು ಕೃತಿ ಕೊಟ್ಟ ಕಿರಿಯ ಕಲಾವಿದನೇ ತಿಂಗಳ ಕೊನೆಗೆ ಸಾಲ ಮಾಡುವಂತಾದರೆ ಅದು ನ್ಯಾಯವಲ್ಲ. ಪಾಲು ಬೇಡ ಎನ್ನುವವರು ಅದನ್ನು ನಿಧಿಗೆ ಮರಳಿಸಬಹುದು, ಆದರೆ ನಿರ್ಧಾರ ಅವರದೇ.

ಕೊಲಾಜ್ ಮಾಡಿದವರಲ್ಲಿ ಈ ಕಾಳಜಿ ಹೊಸದಲ್ಲ. ಕೃತಿಗಳಲ್ಲಿ ಕೊಲಾಜನ್ನೂ ದಿನಬಳಕೆಯ ವಸ್ತುಗಳನ್ನೂ ಬೆರೆಸಿದ ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ 1970ರಲ್ಲಿ ‘ಚೇಂಜ್’ ಎಂಬ ಸಂಸ್ಥೆ ಕಟ್ಟಿ, ಕಲಾವಿದರ ತುರ್ತು ಖರ್ಚುಗಳಿಗೆ ಹಣ ಒದಗಿಸಿದರು. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿನದೇ ಕೊಲಾಜ್ ಕಲಾವಿದ ರೊಮೇರ್ ಬೇರ್ಡನ್ ಇಬ್ಬರು ಗೆಳೆಯರೊಡನೆ ನ್ಯೂಯಾರ್ಕಿನಲ್ಲಿ ‘ಸಿಂಕೆ ಗ್ಯಾಲರಿ’ ತೆರೆದು, ಬೇರೆಡೆ ಗೋಡೆ ಸಿಗದಿದ್ದ ಅಲ್ಪಸಂಖ್ಯಾತ ಸಮುದಾಯಗಳ ಕಲಾವಿದರಿಗೆ ಗೋಡೆ ಕೊಟ್ಟರು. ನನಗೆ ಹೆಚ್ಚು ಹತ್ತಿರವಾದವರು ಅಮೆರಿಕದ ಕಲಾವಿದೆ, ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಪತ್ನಿ ಲೀ ಕ್ರಾಸ್ನರ್. 1953ರಲ್ಲಿ ತಮ್ಮದೇ ರೇಖಾಚಿತ್ರಗಳ ಮೇಲೆ ಬೇಸರಗೊಂಡು ಅವನ್ನು ಹರಿದು ನೆಲಕ್ಕೆ ಚೆಲ್ಲಿದ ಅವರಿಗೆ, ಆಮೇಲೆ ಆ ಚೂರುಗಳಲ್ಲೇ ಹೊಸ ಕೃತಿಗಳು ಕಂಡವು. 1984ರಲ್ಲಿ ಅವರು ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯಿಂದ ಮರುವರ್ಷ ಹುಟ್ಟಿದ ಪೊಲಾಕ್-ಕ್ರಾಸ್ನರ್ ಪ್ರತಿಷ್ಠಾನ ಇಂದಿಗೂ ಕಲಾವಿದರಿಗೆ ಧನಸಹಾಯ ಕೊಡುತ್ತಿದೆ.

ಕೊಳ್ಳುವವರಿಗೊಂದು ಮಾತು. ಮೇಜಿನ ಮೇಲಿನ ಕೆಲವು ಕೃತಿಗಳಲ್ಲಿ ಪತ್ರಿಕೆಯ ಕಾಗದವಿದೆ. ಅದರಲ್ಲಿ ಮರದ ನಾರನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತು ಉಳಿದಿರುವುದರಿಂದ ಬೆಳಕಿಗೆ ಹಳದಿಯಾಗುತ್ತದೆ. ಅಂಥವುಗಳ ಹಿಂಬದಿಯಲ್ಲಿ ಅದನ್ನು ಬರೆದಿದ್ದೇವೆ. ನೇರ ಬಿಸಿಲು ಬೀಳದ ಗೋಡೆಗೆ ಹಾಕಿ. ಒಳ್ಳೆಯ ಕೆಲಸಕ್ಕೆ ತಾನೇ ಎಂದು ಕೊಳ್ಳುವವರಿಂದ ಇಂಥ ವಿಷಯ ಮುಚ್ಚಿಡಬಾರದು.

ನಿನ್ನೆ ಅಕ್ಕನ ಮೂರು ಕೃತಿಗಳು ಬಂದವು. ಮಣಿಕಟ್ಟು ಕೂಡಿಕೊಂಡಿದ್ದರೂ ಬ್ಲೇಡ್ ಹಿಡಿದರೆ ನೋಯುತ್ತದೆಯಂತೆ. ಅದಕ್ಕೇ ಈ ಸಲ ಏನನ್ನೂ ಕತ್ತರಿಸಿಲ್ಲ, ಎಲ್ಲವನ್ನೂ ಹರಿದು ಅಂಟಿಸಿದ್ದಾರೆ. ಕಾಗದದ ಎಳೆ ಸಾಗಿದ ದಿಕ್ಕಿನಲ್ಲಿ ಹರಿದ ಕಡೆ ಅಂಚು ನೇರವಾಗಿದೆ, ಎಳೆಗೆ ಅಡ್ಡವಾಗಿ ಹರಿದ ಕಡೆ ಮುದ್ರಣದ ಬಣ್ಣದ ಕೆಳಗಿನ ಬಿಳಿ ಪದರ ನೊರೆಯಂತೆ ಹೊರಬಂದಿದೆ. ಕಪ್ಪು ಹಿನ್ನೆಲೆಯ ಮೇಲೆ ಆ ಬಿಳಿ ಅಂಚೇ ರೇಖೆಯಾಗಿ ಓಡುತ್ತದೆ. ಅಂಟಿನ ತೇವಕ್ಕೆ ಒಂದರ ಮೂಲೆ ಸುರುಳಿಯಾಗಿತ್ತು. ಹಿಂಬದಿಗೂ ಒಂದು ಹಾಳೆ ಅಂಟಿಸಿ, ಮೇಣದ ಕಾಗದ ಹೊದಿಸಿ, ದಪ್ಪ ಪುಸ್ತಕಗಳನ್ನು ಹೇರಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ತೆಗೆದು ನೋಡಬೇಕು. ಒಳಗೆ ಬಂದವರಿಗೆ ಮೊದಲು ಕಾಣುವ ಗೋಡೆ ಅವರದು.