ಸೂಜಿ ಹಾಕಲು ಬಂದರೆ ಸಾಲದು

"ಇಲ್ಲೇ ಅಷ್ಟ್ ವರ್ಷ ಸೂಜಿ ಚುಚ್ಚಿದ್ದೀಯ, ಅಲ್ಲಿ ಇನ್ನೇನ್ ಕಲಿಸ್ತಾರವ್ವ?" ಅಂತ ಮಂಡ್ಯದಿಂದ ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದರು. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನನ್ನನ್ನು ಕೀಮೋ ವಿಭಾಗಕ್ಕೆ, ಅಂದರೆ ಕ್ಯಾನ್ಸರ್ ಔಷಧಿ ಕೊಡುವ ಕಡೆಗೆ, ಹಾಕಿದ ಹೊಸತು. ಅವರ ಪ್ರಶ್ನೆ ತಪ್ಪೇನಲ್ಲ. ನರ ಹುಡುಕುವುದರಲ್ಲಿ ನಮ್ಮ ಮಂಡ್ಯ, ಮೈಸೂರಿನ ಸಿಸ್ಟರ್‌ಗಳನ್ನು ಮೀರಿಸುವವರು ಇಲ್ಲಿ ಕಡಿಮೆ. ಕೀಮೋ ಕಲಿಸುವವರು ಮಾತ್ರ, ನೀನು ಔಷಧಿಯನ್ನು ಯಾವಾಗ ನಿಲ್ಲಿಸುತ್ತೀಯ ಅಂತಲೇ ಜಾಸ್ತಿ ನೋಡುತ್ತಾರೆ.

ಇಲ್ಲಿ ಇದಕ್ಕೆ ಸ್ಯಾಕ್ಟ್ ಪಾಸ್‌ಪೋರ್ಟ್ ಅಂತ, ನರ್ಸ್ ಕೀಮೋ ಕೊಡಲು ಕಲಿತಿದ್ದಾಳೆ ಅಂತ ತೋರಿಸುವ ಒಂದು ದಾಖಲೆ ಇದೆ. ಮೊದಲು ಓದು. ಆಮೇಲೆ ಅನುಭವಿ ನರ್ಸ್ ಪಕ್ಕದಲ್ಲಿ ನಿಂತು, ಕೆಲಸ ನೋಡಿ ಸಹಿ ಹಾಕಬೇಕು. ಅಲ್ಲಿವರೆಗೆ ಒಬ್ಬಳೇ ಔಷಧಿ ಹಾಕುವಂತಿಲ್ಲ. ವರ್ಷಕ್ಕೊಮ್ಮೆ ಮತ್ತೆ ಪರಿಶೀಲನೆ.

ನನ್ನ ಚಿಕ್ಕಮ್ಮನ ಮಗಳು ಮೈಸೂರಿನಲ್ಲಿ ನರ್ಸ್. ಅವಳನ್ನೂ ಈಗ ಕೀಮೋ ಡೇಕೇರ್‌ಗೆ, ಅಂದರೆ ಔಷಧಿ ಹಾಕಿಸಿಕೊಂಡು ಅದೇ ದಿನ ಮನೆಗೆ ಹೋಗುವ ವಿಭಾಗಕ್ಕೆ, ಹಾಕಿದ್ದಾರೆ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ತೆರೆಯುತ್ತೇವೆ ಅಂತ 2025ರ ಕೇಂದ್ರ ಬಜೆಟ್‌ನಲ್ಲೇ ಹೇಳಿದ್ದಾರೆ. ಕುರ್ಚಿ, ಮಂಚ ಬೇಗ ಬರುತ್ತವೆ. ಕಲಿತ ನರ್ಸ್ ಅಷ್ಟು ಬೇಗ ಬರುವುದಿಲ್ಲ, ಅಲ್ವಾ?

"ಅಕ್ಕ, ಐವಿ ಔಟ್ ಆದ್ರೆ ಏನ್ ಮಾಡ್ತೀರ?" ಅನ್ನುವುದು ಅವಳ ಮೊದಲ ಪ್ರಶ್ನೆ. ಅಂದರೆ, ಔಷಧಿ ನರದೊಳಗೆ ಹೋಗದೆ ಆಚೆ ಸೋರಿದರೆ. ಸಾಮಾನ್ಯ ವಾರ್ಡಿನಲ್ಲಿ ಕ್ಯಾನುಲಾ (ನರದಲ್ಲಿ ಬಿಟ್ಟ ಸಣ್ಣ ಕೊಳವೆ) ಕಿತ್ತು, ಹತ್ತಿ ಒತ್ತಿ, ಇನ್ನೊಂದು ಕೈಗೆ ಹಾಕುತ್ತೇವೆ. ಗ್ಲೂಕೋಸ್ ಆದರೆ ಸ್ವಲ್ಪ ಊತ, ಅಷ್ಟೇ. ಡಾಕ್ಸೊರುಬಿಸಿನ್ ಅನ್ನುವ ಕೆಂಪು ಕೀಮೋ ಔಷಧಿ ನರದಿಂದ ಆಚೆ ಸೋರಿದರೆ ಚರ್ಮ, ಅದರಡಿಯ ಮಾಂಸ ಸತ್ತುಹೋಗಬಹುದು. ಅದಕ್ಕೇ ಔಷಧಿ ಬಿಡುವ ಮುಂಚೆ, ನಡುನಡುವೆ ಕೂಡ, ರಕ್ತ ವಾಪಸ್ ಬರುತ್ತಾ ನೋಡಬೇಕು. ಸೋರಿದ ಅನುಮಾನ ಬಂದರೂ ಸಾಕು, ನಿಲ್ಲಿಸಬೇಕು. ಕ್ಯಾನುಲಾ ಕೀಳಬಾರದು. ಅದರ ಮೂಲಕವೇ ಸಿರಿಂಜಿನಿಂದ ಆದಷ್ಟು ಔಷಧಿ ಹಿಂದಕ್ಕೆ ಎಳೆಯಬೇಕು. ಉಜ್ಜಬಾರದು, ಒತ್ತಬಾರದು. ಊದಿದ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಡಾಕ್ಟರಿಗೆ ಹೇಳಬೇಕು. ಡಾಕ್ಸೊರುಬಿಸಿನ್‌ಗೆ ತಣ್ಣನೆ ಪಟ್ಟಿ, ವಿನ್‌ಕ್ರಿಸ್ಟಿನ್ ಅನ್ನುವ ಇನ್ನೊಂದು ಕೀಮೋ ಔಷಧಿಗೆ ಬಿಸಿ ಶಾಖ. ಅದಲುಬದಲಾದರೆ ತೊಂದರೆ ಹೆಚ್ಚು.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ಉರಿ ಅಂದರೆ ತಕ್ಷಣ ಹೇಳುವವರು ಕಡಿಮೆ. ಸಿಸ್ಟರ್‌ಗೆ ಯಾಕೆ ತೊಂದರೆ ಅಂತ ಅಜ್ಜಿಯರು ಹಲ್ಲು ಕಚ್ಚಿ ಕೂರುತ್ತಾರೆ. ಇಲ್ಲಿಯ ಮುದುಕರು ಟೀ ತಣ್ಣಗಾದರೂ ಗಂಟೆ ಒತ್ತುತ್ತಾರೆ, ಆ ವಿಷಯ ಬಿಡಿ. "ಉರಿ ಆಗ್ತಿದ್ಯಾ?" ಅಂತ ಹತ್ತಿರ ಕೂತು ಮತ್ತೆ ಮತ್ತೆ ನೀನೇ ಕೇಳಬೇಕು ಅಂತ ತಂಗಿಗೆ ಹೇಳಿದೆ.

ವಿನ್‌ಕ್ರಿಸ್ಟಿನ್ ಕಥೆಯನ್ನು ಇಲ್ಲಿ ಯಾರೂ ಮರೆಯುವುದಿಲ್ಲ. ಅದು ರಕ್ತನಾಳಕ್ಕೆ ಮಾತ್ರ ಹೋಗಬೇಕು. ಬೆನ್ನುಹುರಿಯ ದ್ರವಕ್ಕೆ ಹೋದರೆ ಬದುಕುವವರು ಅಪರೂಪ. 2001ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಹಾಗೇ ಒಬ್ಬ ಹುಡುಗ ತೀರಿಕೊಂಡ ಮೇಲೆ ನಿಯಮ ಬಿಗಿಯಾಯಿತು. ಸಿರಿಂಜ್ ಬೇಡ, ಸಣ್ಣ ಚೀಲದಲ್ಲಿ ತಯಾರಿಸಿ ಅಂತ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಚೀಲ ನೋಡಿದರೆ ಬೆನ್ನಿಗೆ ಚುಚ್ಚುವ ಯೋಚನೆಯೇ ಯಾರಿಗೂ ಬರುವುದಿಲ್ಲ.

ಹೆಸರು ತಾಳೆ ನೋಡುವುದೂ ಹಾಗೇ. ಇಲ್ಲಿ ಹೆಸರು, ಹುಟ್ಟಿದ ದಿನ ರೋಗಿಯೇ ಹೇಳಬೇಕು. ಇಬ್ಬರು ನರ್ಸ್‌ಗಳು ಚೀಟಿ ನೋಡಬೇಕು. ನಮ್ಮಲ್ಲಿ ಒಂದೇ ವಾರ್ಡಿನಲ್ಲಿ ಮೂವರು ಜಯಮ್ಮ ಇರುತ್ತಾರೆ, ಹುಟ್ಟಿದ ದಿನ ಕೇಳಿದರೆ "ಗೌರಿ ಹಬ್ಬದ ಆಸುಪಾಸು" ಅನ್ನುತ್ತಾರೆ. ರೋಗಿಯ ಆಸ್ಪತ್ರೆ ನಂಬರ್ ತಾಳೆ ನೋಡದೆ ಬಾಟಲಿ ಮುಟ್ಟಬೇಡ ಅಂತ ತಂಗಿಗೆ ಅಂದೆ. ರಕ್ತದ ರಿಪೋರ್ಟ್ ಬರದೇ ಇದ್ದರೂ ಅಷ್ಟೇ. "ಡಾಕ್ಟರ್ ಶುರು ಮಾಡಿ ಅಂದ್ರೆ?" ಅಂತ ಕೇಳಿದಳು. ಇಲ್ಲಿ ನರ್ಸ್ "ಇಲ್ಲ, ರಿಪೋರ್ಟ್ ಬರಲಿ" ಅಂದರೆ ಯಾರೂ ಮುಖ ಊದಿಸುವುದಿಲ್ಲ. ಊರಲ್ಲಿ ಅದಕ್ಕೆ ಧೈರ್ಯ ಬೇಕು, ಗೊತ್ತು. ತರಬೇತಿಗೆ ಡಾಕ್ಟರುಗಳನ್ನೂ ಕೂರಿಸಿದರೆ ಒಳ್ಳೆಯದು.

ಕೊನೆಗೆ ಜ್ವರದ ಮಾತು ಬಂತು. ಕೀಮೋ ಆದವರಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಬಂದರೆ ಇಲ್ಲಿ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹಾಕುತ್ತಾರೆ. ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಕಾಯುವುದಿಲ್ಲ. ಹಗಲು ರಾತ್ರಿ ಫೋನ್ ಮಾಡಲು ಒಂದು ನಂಬರ್ ಕಾರ್ಡಿನಲ್ಲಿ ಕೊಟ್ಟಿರುತ್ತಾರೆ. ಮಳವಳ್ಳಿ, ಕೆ.ಆರ್.ಪೇಟೆ ಕಡೆಯ ಹಳ್ಳಿಗಳಲ್ಲಿ ಒಂದು ಡೋಲೋ ಕೊಟ್ಟು ಬೆಳಗ್ಗೆ ನೋಡೋಣ ಅನ್ನುತ್ತಾರೆ. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕನ್ನು ವಾಸಿ ಮಾಡುವುದಿಲ್ಲ.

ತಂಗಿ ಈಗ ಪ್ರತಿ ಫೈಲಿನ ಮೇಲೂ ವಾರ್ಡಿನ ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆದು ಕೊಡುತ್ತಿದ್ದಾಳೆ. ರಾತ್ರಿ ಆ ಫೋನ್ ಎತ್ತುವವರು ಯಾರು ಅನ್ನುವುದು ಅವಳ ಆಸ್ಪತ್ರೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಮೀಟಿಂಗಿನಲ್ಲಿ ಕೇಳುತ್ತಾಳಂತೆ.