ಶೆಲ್ ಬೀಳುವಾಗ ಪಂಡಿತ್‌ಜೀ ಎಲ್ಲಿರಬೇಕು?

ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ನಮ್ಮ ಕ್ಯಾಶುಯಲ್ಟಿ ಡ್ಯೂಟಿ ಪಟ್ಟಿಯಲ್ಲಿ ಸ್ಟ್ರೆಚರ್ ಹೊರುವವರಿದ್ದರು, ಡ್ರೈವರ್ ಇದ್ದರು, ನಮ್ಮ ಯೂನಿಟ್‌ನ ಧರ್ಮಗುರು ಪಂಡಿತ್‌ಜೀ ಮಾತ್ರ ಇರಲಿಲ್ಲ. ಅವರು ಮಂದಿರ ನೋಡಿಕೊಂಡರೆ ಸಾಕು ಅನ್ನೋದು ಮೇಲಿನವರ ಲೆಕ್ಕ. ಜಿನೀವಾ ಒಪ್ಪಂದ ವೈದ್ಯಕೀಯ ಸಿಬ್ಬಂದಿಗೆ ಕೊಡುವ ರಕ್ಷಣೆಯನ್ನೇ ಧರ್ಮಗುರುಗಳಿಗೂ ಕೊಡುತ್ತದೆ. ನಮ್ಮ ಪಟ್ಟಿಗೆ ಅದು ಗೊತ್ತಿರಲಿಲ್ಲ. ದೂರದಿಂದ ಬರುವ ಶೆಲ್‌ಗೂ ಗೊತ್ತಾಗುವುದಿಲ್ಲ.

ಒಂದು ರಾತ್ರಿ ಶೆಲ್ ಬೀಳುತ್ತಿರುವಾಗ ಆರ್‌ಎಪಿಗೆ, ಅಂದರೆ ಯೂನಿಟ್‌ನ ಪ್ರಥಮ ಚಿಕಿತ್ಸೆಯ ಜಾಗಕ್ಕೆ, ಒಬ್ಬ ಜವಾನನನ್ನು ಹೊತ್ತು ತಂದರು. ತೊಡೆಯಲ್ಲಿ ಸ್ಪ್ಲಿಂಟರ್, ಶೆಲ್‌ನ ಚೂರು. ರಕ್ತ ನಿಲ್ಲಿಸಲು ಟೂರ್ನಿಕೆಟ್ ಪಟ್ಟಿ ಬಿಗಿದೆ. ಹುಡುಗ ನೋವಿಗೆ ಅದನ್ನೇ ಕಿತ್ತುಹಾಕಲು ನೋಡುತ್ತಿದ್ದ. ಸ್ಫೋಟಕ್ಕೆ ಕಿವಿ ಮುಚ್ಚಿಹೋಗಿತ್ತು, ಎಷ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ. ಯೂನಿಟ್‌ನ ಡಾಕ್ಟರ್ ಆರ್‌ಎಂಒ ಸಾಬ್ ಇನ್ನೊಬ್ಬನ ಎದೆಯ ಗಾಯ ನೋಡುತ್ತಿದ್ದರು. ನನಗೆ ಇನ್ನೆರಡು ಕೈ ಬೇಕಿತ್ತು.

ಪಂಡಿತ್‌ಜೀ ಒಳಗೆ ಬಂದರು. 'ಸಾಬ್, ನೀವು ಬಂಕರ್‌ಗೆ ಹೋಗಿ' ಅಂದೆ. ಅವರು ಮಾತಾಡಲಿಲ್ಲ. ಹುಡುಗನ ತಲೆಯ ಹತ್ತಿರ ಕೂತು, ಅವನ ಅಂಗೈಯನ್ನು ತಮ್ಮ ಗಂಟಲ ಮೇಲೆ ಒತ್ತಿಕೊಂಡು ಜೋರಾಗಿ ಜಪ ಶುರು ಮಾಡಿದರು. ಕಿವಿಗೆ ಕೇಳದ್ದು ಕೈಗೆ ತಿಳಿಯಿತು. ಟೂರ್ನಿಕೆಟ್ ಹಿಡಿದಿದ್ದ ಅವನ ಇನ್ನೊಂದು ಕೈ ಮೆಲ್ಲಗೆ ಸಡಿಲವಾಯಿತು. ಹತ್ತಿರದಲ್ಲೇ ಮತ್ತೊಂದು ಶೆಲ್ ಬಿತ್ತು, ಮೇಲಿಂದ ಮಣ್ಣು ಉದುರಿತು. ಪಂಡಿತ್‌ಜೀ ಬಗ್ಗಿ ಅವನ ಮುಖಕ್ಕೆ ಅಡ್ಡವಾದರು. ಜಪ ನಿಲ್ಲಲಿಲ್ಲ. ಅಷ್ಟರಲ್ಲಿ ನಾನು ಡ್ರಿಪ್ ಹಾಕಿದೆ.

ಬೆಳಗಿನ ಜಾವ ಹುಡುಗನನ್ನು ಆಸ್ಪತ್ರೆಗೆ ಸಾಗಿಸಿದೆವು. ಕಾಲು ಉಳಿಯಿತು. ವರದಿಯಲ್ಲಿ ಪಂಡಿತ್‌ಜೀ ಹೆಸರೇ ಇಲ್ಲ! ಆ ಸಿಟ್ಟು ನನಗೆ ಇನ್ನೂ ಇದೆ.

ಧೈರ್ಯ ಅಂದ ಕೂಡಲೇ ಬಂದೂಕು ಹಿಡಿದವರೇ ನೆನಪಾಗುತ್ತಾರೆ, ಅಲ್ವಾ? 1879ರಲ್ಲಿ ಕಾಬೂಲ್ ಹತ್ತಿರ ಜೇಮ್ಸ್ ಆಡಮ್ಸ್ ಅನ್ನೋ ಪಾದ್ರಿ, ಶತ್ರುಗಳು ಮೇಲೆ ಬೀಳುತ್ತಿರುವಾಗ ನೀರಿನ ಹಳ್ಳಕ್ಕಿಳಿದು ಕುದುರೆಗಳ ಅಡಿ ಸಿಕ್ಕಿಕೊಂಡಿದ್ದ ಸವಾರರನ್ನು ಎಳೆದು ತೆಗೆದರು. ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅಮೆರಿಕ ಸೇನೆಯ ಪಾದ್ರಿ ಎಮಿಲ್ ಕಪಾನ್ 1950ರ ನವೆಂಬರ್‌ನಲ್ಲಿ ಕೊರಿಯಾದ ಉನ್ಸಾನ್‌ನಲ್ಲಿ ಗಾಯಾಳುಗಳನ್ನು ಬಿಟ್ಟುಹೋಗಲು ಒಪ್ಪದೆ ಸೆರೆಯಾದರು. 1951ರ ಮೇ ತಿಂಗಳಲ್ಲಿ ಸೆರೆ ಶಿಬಿರದಲ್ಲೇ ತೀರಿಕೊಂಡರು. ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಅವರ ಹೆಸರಿಗೆ ಬಂದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅವರು ಕಾಪಾಡಿದವರಲ್ಲಿ ಎಷ್ಟೋ ಜನ ಬದುಕಿರಲಿಲ್ಲ.

ಆಮೇಲಿನ ಡ್ರಿಲ್‌ಗಳಿಗೆಲ್ಲ ನಾನು ಪಂಡಿತ್‌ಜೀಯನ್ನು ಕರೆಯುತ್ತಿದ್ದೆ. ಟೂರ್ನಿಕೆಟ್ ಕಟ್ಟೋದು, ಡ್ರಿಪ್ ಬಾಟಲಿ ಎತ್ತರಕ್ಕೆ ಹಿಡಿಯೋದು ಕಲಿಸಿದೆ. ಅವರ ಜಾಗವನ್ನೂ ಗೊತ್ತುಮಾಡಿದೆ: ಗಾಯಾಳುವಿನ ತಲೆಯ ಕಡೆ, ನಮ್ಮ ಕೈಗೆ ಅಡ್ಡ ಬಾರದ ಹಾಗೆ. ನಿಮ್ಮ ಯೂನಿಟ್‌ನಲ್ಲಿ ಇರೋದು ಸಿಖ್ಖರ ಗ್ರಂಥಿಯೋ ಮೌಲ್ವಿಯೋ ಪಾದ್ರಿಯೋ, ಯಾರೇ ಇರಲಿ, ಮುಂದಿನ ಡ್ರಿಲ್‌ಗೆ ಕರೆಯಿರಿ.