ಎರಡ್ ಮಿರ್ಚಿ ಟ್ರೇಡ್

ಮುಂಜಾನಿ ಸೂಪರ್ ಮಾರ್ಕೆಟ್ ಕಡಿ ಸುಸ್ಲಾ ತಿನ್ಲಾಕ ಹೋಗಿದ್ವಿ, ದೋಸ್ತರಿಬ್ರು ಮತ್ತ ಅದೇ ಹಳೇ ಜಗಳ ಹಚ್ಚಿದ್ರು. 2025ರಾಗ ಅಮೆರಿಕಾದ ಬಾಸ್ಕೆಟ್‌ಬಾಲ್ ಟೀಮ್ ಹೂಸ್ಟನ್ ರಾಕೆಟ್ಸ್‌ನವ್ರು ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್ ಇಬ್ಬರ್ನೂ ಫೀನಿಕ್ಸ್ ಟೀಮಿಗಿ ಕೊಟ್ಟು ಸ್ಟಾರ್ ಆಟಗಾರ ಕೆವಿನ್ ಡ್ಯುರಾಂಟ್‌ನ ತಗೊಂಡಿದ್ದು ಸರಿನೋ ತಪ್ಪೋ ಅಂತ.

ಒಬ್ಬಾವ ನನ್ ಪ್ಲೇಟಿನಾಗಿನ ಎರಡ್ ಬಿಸಿ ಮಿರ್ಚಿ ಎತ್ಕೊಂಡು ತಂದೊಂದು ದೊಡ್ಡದು ಇಟ್ಟ, "ನೋಡಲೇ, ಟ್ರೇಡ್ ಅಂದ್ರ ಹಿಂಗ."

"ದೊಡ್ಡದೇನೋ ಖರೆ, ಆರಿ ಹೋಗ್ಯದಲ್ಲೋ, ತಗೊಂಡಾಗ್ಲೇ 36 ವರ್ಷದ್ದು" ಅಂದ ಇನ್ನೊಬ್ಬಾವ. ಬಾಜು ಟೇಬಲ್‌ನವ್ರೂ ನಕ್ರು.

ನಂಗಂತೂ ಗ್ರೀನ್ ಹೋಗಿದ್ದೇ ಇನ್ನಾ ಹೊಟ್ಟ್ಯಾಗ ಉರಿ. 2021ರ ಡ್ರಾಫ್ಟ್‌ನಾಗ (ಟೀಮಿನವ್ರು ಸರದಿ ಪ್ರಕಾರ ಹೊಸ ಹುಡುಗರ್ನ ಆರಿಸ್ಕೊಳ್ಳೋದು) ಎರಡನೇ ನಂಬರಿಗಿ ತಗೊಂಡ್ ಹುಡುಗ, ನಾಕ್ ಸೀಸನ್ ಬೆಳಸಿ ಕಳಸಿಬಿಟ್ರು. ಅವ್ರಿಗಿ ಅದು ಬರೇ ಲೆಕ್ಕ, ನಾವ್ ಇಲ್ಲಿ ಕುಂತು ಮನಿ ಹುಡುಗ ಪುಣೆಕ್ಕ ದುಡಿಲಾಕ ಹೋದಂಗ ಮಾಡ್ತೀವಿ 😄

ನನ್ ಎರಡ್ ಮಿರ್ಚಿ ಮಾತ್ರ ವಾಪಸ್ ಬರ್ಲಿಲ್ರಪ್ಪ.